ಜೋಗತಿ ನೃತ್ಯ: ತಲೆಯ ಮೇಲಿನ ಕೊಡ ಮತ್ತು ಅಸ್ಮಿತೆಯ ಪ್ರಶ್ನೆ

ಎಲ್ಲಮ್ಮನ ಪುರಾಣದಲ್ಲಿ ಮರಳಿನ ಕೊಡ ನಿಲ್ಲದ ಕಾರಣಕ್ಕೇ ರೇಣುಕೆಯು ಪತಿ ಜಮದಗ್ನಿಯ ಕೋಪಕ್ಕೆ, ಮಗ ಪರಶುರಾಮನ ಕೊಡಲಿಗೆ ಗುರಿಯಾದಳು. ಕುಟುಂಬದಿಂದ ಹೊರದೂಡಲ್ಪಟ್ಟ ಲಿಂಗತ್ವ ಅಲ್ಪಸಂಖ್ಯಾತರು ಚೌಡಿಕೆಯ ನಾದಕ್ಕೆ ಕುಣಿಯುವ ಜೋಗತಿ ನೃತ್ಯದಲ್ಲಿ, ಕೈ ಸೋಂಕದಿದ್ದರೂ ತಲೆಯ ಮೇಲಿನ ಕೊಡ ಬೀಳುವುದಿಲ್ಲ. ಪುರಾಣದ ಪರೀಕ್ಷೆಯನ್ನು ಇಲ್ಲಿ ದೇಹವೇ ಪುನಾರಚಿಸಿ ಗೆಲ್ಲುತ್ತದೆ. ಕೊಡ ಹೊತ್ತವರಿಗೆ ಕೈಮುಗಿಯುವ ಸಮಾಜವು ಅದನ್ನು ಇಳಿಸಿದೊಡನೆ ಅವರನ್ನು ದೂರವಿಡುತ್ತದೆ. ಈ ಇಬ್ಬಂದಿತನವೇ ನೃತ್ಯದ ಕೇಂದ್ರ ಸಂಘರ್ಷ. ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದುದು, 2021ರಲ್ಲಿ ಪದ್ಮಶ್ರೀ ಪಡೆದುದು ಈ ಅಸ್ಮಿತೆಗೆ ದೊರೆತ ಮಹತ್ವದ ಮನ್ನಣೆ. ಆದರೆ ನಗರದ ವೇದಿಕೆಯು ಸಮತೋಲನದ ಕೌಶಲವನ್ನಷ್ಟೇ ಮೆಚ್ಚಿ, ಹೊರದೂಡುವಿಕೆಯ ಪ್ರಶ್ನೆಯನ್ನು ಕೈಬಿಟ್ಟರೆ ನೃತ್ಯದ ಅರ್ಥವೇ ಕುಂದುತ್ತದೆ.