ಪ್ಯಾಡಿನಡಿ ಮುಚ್ಚಿಹೋಗುವ ತಪ್ಪು

ವೆಸ್ಟರ್ನ್ ಜೀನಿನ ರಚನೆಯನ್ನು ಮೆಚ್ಚಲೇಬೇಕು. ಸ್ಪೇನಿನವರು ಮೆಕ್ಸಿಕೋಗೆ ತಂದ ಜೀನನ್ನು ಅಲ್ಲಿನ ದನಗಾಹಿಗಳಾದ ವಾಕೇರೋಗಳು ತಮ್ಮ ಕೆಲಸಕ್ಕೆ ತಕ್ಕಂತೆ ತಿದ್ದಿಕೊಂಡರು. ಟೆಕ್ಸಾಸ್, ಕ್ಯಾಲಿಫೋರ್ನಿಯಾದ ಕೌಬಾಯ್‌ಗಳು ಕಲಿತದ್ದು ಅವರಿಂದ. ಹಗ್ಗಕ್ಕೆ ಸಿಕ್ಕ ಹೋರಿಯ ಎಳೆತವನ್ನು ಸವಾರನ ತೋಳು ತಡೆಯಲಾರದು, ಅದನ್ನು ಜೀನಿನ ಮುಂದಿನ ಕೊಂಬು ಹೊರುತ್ತದೆ. ಆ ಭಾರ ಒಂದೇ ಕಡೆ ಬೀಳದಿರಲೆಂದು ಒಳಗೆ ‘ಟ್ರೀ’ ಎಂಬ ಮರದ ಚೌಕಟ್ಟಿಟ್ಟು ಹಸಿ ತೊಗಲಿನಿಂದ ಬಿಗಿಯುತ್ತಾರೆ. ಚೌಕಟ್ಟಿನ ಎರಡು ಹಲಗೆಗಳು, ಅಂದರೆ ಬಾರ್‌ಗಳು, ಬೆನ್ನೆಲುಬಿನ ಇಕ್ಕೆಲಗಳಲ್ಲಿ ಉದ್ದಕ್ಕೂ ಕೂತು ಭಾರವನ್ನು ಹಂಚುತ್ತವೆ. ದಿನವಿಡೀ ದನ ಕಾಯುವ ಸವಾರನಿಗೆ ಇದಕ್ಕಿಂತ ಒಳ್ಳೆಯ ಜೀನು ಇಲ್ಲವೆಂದೇ ನನ್ನ ಎಣಿಕೆ.

ನನ್ನ ತಕರಾರಿರುವುದು ಅದನ್ನು ಕುದುರೆಗೆ ಹೊಂದಿಸುವ ರೂಢಿಯ ಮೇಲೆ. ಮರದ ಚೌಕಟ್ಟು ಬೆನ್ನಿಗೆ ತಕ್ಕಂತೆ ಬಾಗುವುದಿಲ್ಲ. ಆದರೂ ಮಾರಾಟವಾಗುವುದು ‘ಸೆಮಿ ಕ್ವಾರ್ಟರ್ ಹಾರ್ಸ್ ಬಾರ್’, ‘ಫುಲ್ ಕ್ವಾರ್ಟರ್ ಹಾರ್ಸ್ ಬಾರ್’ ಎಂಬ ಹೆಸರುಗಳ ಮೇಲೆ. ಇವಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ. ಒಬ್ಬ ತಯಾರಕನ ‘ಫುಲ್’ ಇನ್ನೊಬ್ಬನ ‘ಸೆಮಿ’ ಆಗಿರಬಹುದು. ಜತೆಗೆ ಹೇಳುವ ಇಂಚುಗಳು ಮುಂಭಾಗದ ಅಗಲವನ್ನಷ್ಟೇ ತಿಳಿಸುತ್ತವೆ. ಬಾರ್ ಎಷ್ಟು ಓರೆಯಾಗಿದೆ, ಉದ್ದಕ್ಕೆ ಎಷ್ಟು ಬಾಗಿದೆ ಎಂಬುದು ಅದರಲ್ಲಿ ಸಿಗುವುದಿಲ್ಲ.

ಆದ್ದರಿಂದ ಪ್ಯಾಡ್ ಇಲ್ಲದೆ ಬರಿ ಬೆನ್ನಿನ ಮೇಲೆ ಜೀನಿಟ್ಟು ನೋಡುವುದೇ ಸರಿ. ಸ್ವಲ್ಪ ಮುಂದಕ್ಕಿಟ್ಟು ಹಿಂದಕ್ಕೆ ಜಾರಿಸಿದರೆ ಅದು ಹೆಗಲ ಮೂಳೆಯ ಹಿಂದೆ ತಾನಾಗಿ ನಿಲ್ಲುತ್ತದೆ. ಮುಂಗಾಲು ಮುಂದಕ್ಕೆ ಹೋದಾಗ ಆ ಮೂಳೆಯ ಮೇಲ್ತುದಿ ಹಿಂದಕ್ಕೆ ಸರಿಯುತ್ತದೆ. ಅದಕ್ಕೆ ಜಾಗ ಬೇಕು. ಬಳಿಕ ಬಾರಿನ ಕೆಳಗೆ ಕೈ ತೂರಿಸಿ ಮುಂದಿನಿಂದ ಹಿಂದಕ್ಕೆ ಸವರಬೇಕು. ಮುಂದೆ ಬಿಗಿ, ನಡುವೆ ಸಡಿಲ, ಹಿಂದೆ ಮತ್ತೆ ಬಿಗಿ ಅನ್ನಿಸಿದರೆ ಸವಾರನ ಭಾರವೆಲ್ಲ ನಾಲ್ಕು ಕಡೆ ಮಾತ್ರ ಬೀಳುತ್ತಿದೆ ಎಂದರ್ಥ. ಭಾರ ಹಂಚಲೆಂದೇ ಹುಟ್ಟಿದ ಜೀನು ಅಲ್ಲಿ ತನ್ನ ಕೆಲಸ ಬಿಟ್ಟಿರುತ್ತದೆ.

ಹೆಚ್ಚಿನವರು ಇಲ್ಲಿ ದಪ್ಪ ಪ್ಯಾಡ್ ತರುತ್ತಾರೆ. ಬಿಗಿಯಾದ ಬೂಟಿಗೆ ಇನ್ನೊಂದು ಜತೆ ಕಾಲುಚೀಲ ಹಾಕಿದಂತೆ ಇದು. ಇಕ್ಕಟ್ಟಾದ ಜೀನು ಇನ್ನಷ್ಟು ಇಕ್ಕಟ್ಟಾಗುತ್ತದೆ, ಎತ್ತರವಾಗಿ ಓಲಾಡುತ್ತದೆ. ಓಲಾಟ ನಿಲ್ಲಿಸಲು ಹೊಟ್ಟೆಯ ಪಟ್ಟಿಯನ್ನು ಮತ್ತಷ್ಟು ಎಳೆಯುತ್ತಾರೆ. ತೀರಾ ಅಗಲವಾದ ಜೀನಿಗೆ ಪ್ಯಾಡ್ ಒಂದಿಷ್ಟು ನೆರವಾದೀತು, ಉಳಿದಂತೆ ಅದು ತಪ್ಪನ್ನು ಮುಚ್ಚುವ ಹೊದಿಕೆಯಷ್ಟೆ. ಸವಾರಿ ಮುಗಿದು ಬೆನ್ನೆಲ್ಲ ಬೆವೆತಿದ್ದಾಗ ಬಾರಿನಡಿ ಅಂಗೈಯಗಲ ಒಣಗಿ ಉಳಿದ ಜಾಗ ಅನುಮಾನಕ್ಕೆ ಕಾರಣ. ಹೆಗಲ ಬಳಿ ಬಿಳಿ ಕೂದಲು ಹುಟ್ಟಿದ್ದರೆ ಒತ್ತಡ ಚರ್ಮದೊಳಕ್ಕೇ ಇಳಿದಿದೆ.

ಪಟ್ಟಿ ಕಟ್ಟುವ ಕ್ರಮದ ವಿಷಯದಲ್ಲಿ ಮಾತ್ರ ರೂಢಿಗೆ ನನ್ನ ಪೂರ್ತಿ ಒಪ್ಪಿಗೆಯಿದೆ. ಮೊದಲು ಮುಂದಿನ ಸಿಂಚ್, ಅಂದರೆ ಹೊಟ್ಟೆಯ ಪಟ್ಟಿ, ಆಮೇಲೆ ಹಿಂದಿನದು, ಕೊನೆಗೆ ಎದೆಪಟ್ಟಿ. ಬಿಚ್ಚುವಾಗ ಇದರ ತಿರುವುಮುರುವು. ಮುಂದಿನದನ್ನು ಮೊದಲು ಬಿಚ್ಚಿದಾಗ ಕುದುರೆ ಬೆದರಿದರೆ ಹಿಂದಿನ ಪಟ್ಟಿಯಲ್ಲಿ ನೇತುಬಿದ್ದ ಜೀನು ಹೊಟ್ಟೆಯಡಿಗೆ ಉರುಳುತ್ತದೆ. ಮುಂದಿನ ಸಿಂಚನ್ನು ಒಂದೇ ಏಟಿಗೆ ಬಿಗಿಯದೆ, ನಾಲ್ಕು ಹೆಜ್ಜೆ ನಡೆಸಿ ಮತ್ತೆ ಎಳೆಯುವುದೂ ಅಷ್ಟೇ ವಿವೇಕದ ಮಾತು.

ಕಡಿವಾಣದಲ್ಲಿ ತಪ್ಪನ್ನು ಮುಚ್ಚುವ ಚಾಳಿ ಮರಳಿ ಬರುತ್ತದೆ. ಕರ್ಬ್ ಕಡಿವಾಣ ಒಂದು ಸನ್ನೆಗೋಲು: ಬಾಯಿಕಂಬಿಯ ಮೇಲೆ 2 ಇಂಚು, ಕೆಳಗೆ 6 ಇಂಚು ಇದ್ದರೆ ಲಗಾಮಿನ ಎಳೆತ ಸುಮಾರು ಮೂರು ಪಟ್ಟಾಗಿ ಗಲ್ಲದ ಸರಪಳಿಗೆ ತಲುಪುತ್ತದೆ. ಕ್ಯಾಲಿಫೋರ್ನಿಯಾದ ವಾಕೇರೋಗಳು ಕುದುರೆಗೆ ಮೊದಲು ಬಾಯಿಗೆ ಏನೂ ಇಡದೆ ಬೊಸಾಲ್ ಎಂಬ ಮೂಗುಪಟ್ಟಿಯಲ್ಲಿ ಕಲಿಸಿ, ವರ್ಷಗಳ ನಂತರವೇ ಕರ್ಬ್‌ಗೆ ಬರುತ್ತಿದ್ದರು. ಆ ಹೊತ್ತಿಗೆ ಲಗಾಮು ಸಡಿಲವಾಗಿ ತೂಗುತ್ತಿದ್ದರೂ ಕುದುರೆ ತಿರುಗುತ್ತಿತ್ತು. ಈಗ ಆ ಕಲಿಕೆಯನ್ನು ಬಿಟ್ಟು ಉಪಕರಣವನ್ನಷ್ಟೇ ಉಳಿಸಿಕೊಂಡವರು ಬಹಳ. ಕುದುರೆ ನಿಲ್ಲುತ್ತಿಲ್ಲವೆಂದು ಇನ್ನೂ ಉದ್ದದ ಕಡಿವಾಣ ಕೊಳ್ಳುವವರು ಮೊದಲು ಜೀನಿಳಿಸಿ ಅದರ ಬೆನ್ನನ್ನು ಒತ್ತಿ ನೋಡಲಿ. ಬೆನ್ನು ನೋಯುವ ಕುದುರೆಯೂ ಓಡುತ್ತದೆ.