ತೆರೆಜಾಳ ಫೋಟೋಗಳು

ಮಿಲನ್ ಕುಂದೇರಾ ಅವರ ‘ದಿ ಅನ್‌ಬೇರಬಲ್ ಲೈಟ್‌ನೆಸ್ ಆಫ್ ಬೀಯಿಂಗ್’ ಓದಿದವರು ಹೆಚ್ಚಾಗಿ ನೆನೆಯುವುದು ಅದರ ಮೊದಲ ಪುಟಗಳ ಜಿಜ್ಞಾಸೆಯನ್ನು: ಒಂದೇ ಸಲ ಘಟಿಸುವ ಬದುಕಿಗೆ ತೂಕವಿದೆಯೇ? ಕಾಲೇಜಿನಲ್ಲಿದ್ದಾಗ ನಾನೂ ಅಲ್ಲೇ ಪೆನ್ಸಿಲ್ ಗೆರೆ ಎಳೆದಿದ್ದೆ. ಈಚೆಗೆ ಮತ್ತೆ ಓದಿದಾಗ ನನ್ನನ್ನು ಕಾಡಿದ್ದು ತೆರೆಜಾಳ ಕ್ಯಾಮೆರಾ.

1968ರ ಆಗಸ್ಟ್‌ನಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್ ನಗರವನ್ನು ಹೊಕ್ಕಾಗ ತೆರೆಜಾ ಬೀದಿಗಿಳಿದು ಫೋಟೋ ತೆಗೆಯುತ್ತಾಳೆ, ಫಿಲ್ಮ್ ರೋಲ್‌ಗಳನ್ನು ವಿದೇಶಿ ಪತ್ರಕರ್ತರ ಕೈಗೆ ಹಾಕುತ್ತಾಳೆ. ಗಂಡ ತೊಮಾಶ್‌ನ ಹೆಣ್ಣುಗಳ ಸಹವಾಸದಿಂದ ಬೆಂದವಳಿಗೆ ಅವೇ ಸುಖದ ದಿನಗಳು. ಎಷ್ಟೋ ಕಾಲದ ಮೇಲೆ ಅವಳಿಗೆ ಅರಿವಾಗುತ್ತದೆ: ಅಂಥ ಚಿತ್ರಗಳನ್ನು ನೋಡಿಯೇ ಪೊಲೀಸರು ಪ್ರತಿಭಟಿಸಿದವರನ್ನು ಗುರುತು ಹಿಡಿದಿದ್ದಾರೆ.

ತೊಮಾಶ್ ಶಸ್ತ್ರವೈದ್ಯ. ತಿಳಿಯದೆ ಮಾಡಿದ್ದಕ್ಕೂ ಈಡಿಪಸ್ ಕಣ್ಣು ಕಿತ್ತುಕೊಂಡ, ‘ನಮಗೆ ಗೊತ್ತಿರಲಿಲ್ಲ’ ಎನ್ನುವ ಕಮ್ಯುನಿಸ್ಟರು ಏನು ಮಾಡಿದರು ಎಂದು ಅವನು ಲೇಖನ ಬರೆಯುತ್ತಾನೆ. ಅದನ್ನು ಹಿಂತೆಗೆದುಕೊಳ್ಳಲು ಒಪ್ಪದೆ ಕೆಲಸ ಕಳೆದುಕೊಂಡು, ಕೊನೆಗೆ ಕಿಟಕಿ ಗಾಜು ಒರೆಸುತ್ತಾನೆ. ಪ್ರಶ್ನೆ ಎತ್ತಿದವನು ತೊಮಾಶ್. ಅದರೊಳಗೆ ಬದುಕಿದವಳು ತೆರೆಜಾ. ಅವಳ ತಪ್ಪೂ ತಿಳಿಯದೆ ಆದದ್ದೇ ಅಲ್ಲವೇ?

ನನ್ನ ತಕರಾರು ಇಲ್ಲಿದೆ. ಕನ್ನಡದಲ್ಲಿ ‘ಮನಸ್ಸು ಹಗುರಾಯಿತು’ ಎಂದರೆ ನೆಮ್ಮದಿ. ‘ನನ್ನನ್ನು ಹಗುರಾಗಿ ಕಂಡರು’ ಎಂದರೆ ಅವಮಾನ. ತೊಮಾಶ್‌ನದು ಮೊದಲ ಹಗುರ, ತೆರೆಜಾಳ ಪಾಲಿಗೆ ಬಂದದ್ದು ಎರಡನೆಯದು. ಅವನ ಲಂಪಟತನಕ್ಕೆ ನಿರೂಪಕ ಪುಟಗಟ್ಟಲೆ ಸಿದ್ಧಾಂತ ಕಟ್ಟಿಕೊಡುತ್ತಾನೆ. ಅವಳ ನೋವಿಗೆ ಸಿಗುವುದು ಬಹುಮಟ್ಟಿಗೆ ದುಃಸ್ವಪ್ನಗಳು. ವಿಚಾರ ಗಂಡಿಗೆ, ಕನಸು ಹೆಣ್ಣಿಗೆ ಎಂಬ ಈ ಹಂಚಿಕೆಯನ್ನು ಇವತ್ತು ನಾನು ಸಲೀಸಾಗಿ ಒಪ್ಪಲಾರೆ.

ಆದರೂ ಕೊನೆಯ ಭಾಗ ಕಾದಂಬರಿಯನ್ನು ಉಳಿಸುತ್ತದೆ. ಇಬ್ಬರೂ ಹಳ್ಳಿ ಸೇರಿದ್ದಾರೆ. ನಾಯಿ ಕರೆನಿನ್ ಕ್ಯಾನ್ಸರಿನಿಂದ ಸಾಯುತ್ತಿದೆ. ದಂಪತಿ ಟ್ರಕ್ ಅಪಘಾತದಲ್ಲಿ ಸಾಯುವುದನ್ನು ಕುಂದೇರಾ ಎಷ್ಟೋ ಮೊದಲೇ ಹೇಳಿಬಿಟ್ಟಿರುವುದರಿಂದ ಇಲ್ಲಿ ಕುತೂಹಲಕ್ಕೆ ಎಡೆಯಿಲ್ಲ, ಕರುಣೆಗಷ್ಟೇ ಇದೆ. ನಾಯಿಯ ಮೇಲಿನ ತನ್ನ ಪ್ರೀತಿ ಏನನ್ನೂ ಕೇಳುವುದಿಲ್ಲ, ಅದನ್ನು ಬದಲಿಸಲೂ ಬಯಸುವುದಿಲ್ಲ ಎಂದು ತೆರೆಜಾ ಕಂಡುಕೊಳ್ಳುತ್ತಾಳೆ. ಇಲ್ಲಿ ಮಾತ್ರ ವಿಚಾರ ಅವಳದೇ.

1975ರಲ್ಲಿ ಫ್ರಾನ್ಸಿಗೆ ಹೋದ ಕುಂದೇರಾ ಚೆಕ್ ಭಾಷೆಯಲ್ಲಿ ಬರೆದ ಈ ಕೃತಿ 1984ರಲ್ಲಿ ಮೊದಲು ಬೆಳಕು ಕಂಡದ್ದು ಫ್ರೆಂಚ್ ಅನುವಾದದಲ್ಲಿ. ತಾಯ್ನೆಲದಲ್ಲಿ ಅಚ್ಚಾಗಲು 2006 ಬರಬೇಕಾಯಿತು. ಊರು ಬಿಟ್ಟು ತಮ್ಮ ನುಡಿಯಲ್ಲೇ ಬರೆಯುವ ನಮ್ಮಂಥವರಿಗೆ ಆ ಇಪ್ಪತ್ತೆರಡು ವರ್ಷ ಹಗುರವಾದ ಲೆಕ್ಕವಲ್ಲ.