ಕಟ್ಟೆಯ ಕೆಳಗೆ ನಿಂತವಳು

ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯನ್ನು ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂದಿತ್ತು, ಅದೂ ಕಥೆಯ ಮೇಲೆಯೇ. ಬರೀ ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಯಾಕೂಬ ಕೈಬಿಟ್ಟ ಆಶ್ರಫ್, ಕಾಯಿಲೆಯ ಕೂಸನ್ನು ಎತ್ತಿಕೊಂಡು ನ್ಯಾಯ ಕೇಳಲು ಮಸೀದಿಯ ಅಂಗಳಕ್ಕೆ ಬರುತ್ತಾಳೆ. ಮುತವಲ್ಲಿ ಕಾಯಿಸುತ್ತಾನೆ. ಕೂಸು ಸಾಯುತ್ತದೆ. ಹೆಂಗಸರು ಮುತವಲ್ಲಿಗೆ ಶಾಪ ಹಾಕುತ್ತಾರೆ. ಶಾಪದಿಂದ ಜೀವನಾಂಶ ಬಂದೀತೆ? ಸ್ವತಃ ವಕೀಲೆಯಾದ ಲೇಖಕಿ ಆಕೆಯನ್ನು ಕೋರ್ಟಿನ ಮೆಟ್ಟಿಲು ಹತ್ತಿಸಬಾರದಿತ್ತೆ ಎಂದು ಗೊಣಗಿದ್ದೆ.

ಆ ಗೊಣಗಾಟ ನಿಂತದ್ದು ನನ್ನ ತವರೂರು ಗರಗದಲ್ಲಿ. ಧಾರವಾಡ ತಾಲೂಕಿನ ಈ ಊರೆಂದರೆ ರಾಷ್ಟ್ರಧ್ವಜದ ಖಾದಿ ಬಟ್ಟೆ ನೇಯುವ ಊರು. ಚರಕದ ಮುಂದೆ ಕೂಡುವವರು ಹೆಚ್ಚಾಗಿ ಹೆಂಗಸರೇ. ನಮ್ಮ ಓಣಿಯ ಒಬ್ಬಾಕೆಯೂ ನೂಲುತ್ತಿದ್ದಳು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡಾಗ ಹಿರಿಯರ ಮುಂದೆ ಹೋದಳು. ಅವರು ಕಟ್ಟೆಯ ಮೇಲೆ, ಈಕೆ ಕೆಳಗೆ, ಸೆರಗು ಹೊದ್ದು. “ಹೊಂದ್ಕೊಂಡ ಹೋಗವಾ” ಎಂದರು, ಎದ್ದರು. ಕೋರ್ಟಿಗೆ ಯಾಕೆ ಹೋಗಲಿಲ್ಲ ಎಂದು ನಾನು, ಓದಿದವಳು, ಕೇಳಿದೆ. “ಧಾರವಾಡಕ್ಕ ಹೋದ ದಿನ ನೂಲೋದು ತಪ್ಪತೈತ್ರೀ ಅಕ್ಕಾರ. ಹುಡುಗರ ಹೊಟ್ಟಿಗೆ ಏನ ಹಾಕ್ಲಿ?” ಎಂದಳು.

ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಹೇಳುತ್ತದೆ. ಆಕೆಗೆ ಅದನ್ನು ಯಾರೂ ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ, ಆಗ ನನಗೂ ಗೊತ್ತಿರಲಿಲ್ಲ.

ಆಮೇಲೆ ಕಥೆಯನ್ನು ಮತ್ತೆ ಓದಿದೆ. ಅದರಲ್ಲಿ ಜುಲೇಖಾ ಬೇಗಂ ಎಂಬ ಓದಿದ ಹೆಂಗಸಿದ್ದಾಳೆ. ಧರ್ಮಗ್ರಂಥ ಹೆಣ್ಣಿಗೆ ಕೊಟ್ಟ ಹಕ್ಕುಗಳನ್ನು ಆಶ್ರಫಳಿಗೆ ತಿಳಿಸಿಕೊಡುತ್ತಾಳೆ. ಆಕೆಯ ಮಾತು ಕೆಲವು ಕಡೆ ಭಾಷಣವಾಯಿತು ಎಂಬ ನನ್ನ ತಕರಾರು ಈಗಲೂ ಇದೆ. ಆದರೆ ಲೇಖಕಿ ಇಟ್ಟ ಗುರಿ ಬೇರೆ. ಹಕ್ಕು ಗೊತ್ತಾದ ಮೇಲೂ ಆಶ್ರಫಳ ಮಾತನ್ನು ಕೇಳಿಸಿಕೊಳ್ಳುವವರಿಲ್ಲ. ತೀರ್ಪು ಕೊಡುವ ಜಾಗದಲ್ಲಿ ಒಬ್ಬ ಹೆಂಗಸೂ ಕೂತಿಲ್ಲ.

ಕೂತರೆ ಸಾಕೇ ಎಂದು ನೀವು ಕೇಳಬಹುದು. ನಮ್ಮ ರಾಜ್ಯದಲ್ಲಿ 1987ರ ಮಂಡಲ ಪಂಚಾಯ್ತಿ ಚುನಾವಣೆಯಲ್ಲೇ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಬಂತು. 1993ರ ಕಾಯ್ದೆಯಿಂದ ಮೂರರಲ್ಲೊಂದು, 2010ರಲ್ಲಿ ಅರ್ಧ. ಆದರೂ ಸಹಿ ಹೆಂಡತಿಯದು, ಮಾತು ಗಂಡನದು ಎಂಬ ಪಂಚಾಯ್ತಿಗಳು ಎಷ್ಟಿಲ್ಲ! ಊರ ಕಟ್ಟೆಗಂತೂ ಯಾವ ಮೀಸಲಾತಿಯೂ ಇಲ್ಲ. ನಮ್ಮ ಓಣಿಯಾಕೆಯ ಬಾಳು ತೀರ್ಮಾನವಾದದ್ದು ಅಲ್ಲಿ.

ಈ ಕಥೆಯಿಂದ ಗಿರೀಶ ಕಾಸರವಳ್ಳಿಯವರು ‘ಹಸೀನಾ’ ಸಿನಿಮಾ ಮಾಡಿದರು. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. 2025ರಲ್ಲಿ ಬಾನು ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರ ಹಾಗೆ ನಾನೂ ಹಿಗ್ಗಿದೆ. ಆದರೆ ನನಗೆ ಕಾಡುವುದು ಮುತವಲ್ಲಿಯ ಹೆಂಡತಿ ಆಮಿನಾ. ಮೇಲಿಂದ ಮೇಲೆ ಹೆತ್ತು ಬಸವಳಿದ ಆಕೆ, ಕಡೆಗೆ ಗಂಡನ ಅಪ್ಪಣೆ ಕೇಳದೆ ಆಪರೇಷನ್ನಿಗೆ ಹೊರಟುಬಿಡುತ್ತಾಳೆ. ಶಾಪಕ್ಕಿಂತ ದೊಡ್ಡ ಏಟು ಇದು, ಮೊದಲ ಓದಿನಲ್ಲಿ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಕಳೆದ ಸಲ ಊರಿಗೆ ಹೋದಾಗ ಓಣಿಯಾಕೆಗೆ ಈ ಕಥೆ ಹೇಳಿದೆ. ಆಮಿನಾಳ ಸುದ್ದಿಗೆ ಬಾಯಿ ತುಂಬ ನಕ್ಕಳು. ಆಮೇಲೆ ಕೇಳಿದಳು: “ಆಕೀಗೆ ಕಡೀಕರ ರೊಕ್ಕಾ ಕೊಟ್ನೇನ್ರೀ ಗಂಡ?”

ಇಲ್ಲ ಎಂದೆ.